ಕೀಮೋ ನಡೆದಿರುವಾಗ ಸುರಂಜಾನ್ ಕೊಡಬಹುದೇ?

ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಕೀಮೋ ಹಾಕಿಸಿಕೊಂಡು ಬಂದವರ ಮನೆಯವರು, ಒಂದೆರಡು ವಾರ ಕಳೆದ ಮೇಲೆ ರಂಗಂಪೇಟೆಯ ನಮ್ಮಂಥ ಯುನಾನಿ ವೈದ್ಯರ ಬಳಿ ಬರುವುದುಂಟು. ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. “ಹಕೀಮ್ ಸಾಬ್, ಕೈಕಾಲು ಜುಮುಜುಮು ಅಂತಾವ, ಹಿಡದಂಗ ಆಗ್ಯಾವ. ಮಾಜೂನ್ ಸುರಂಜಾನ್ ಕೊಡ್ರಿ.” ಆಸ್ಪತ್ರೆಯ ಡಾಕ್ಟರಿಗೆ ಇದನ್ನು ಹೇಳಿದ್ದೀರಾ ಎಂದು ಕೇಳಿದರೆ, “ಇಲ್ರಿ, ಹೇಳಿದ್ರ ಬೈತಾರ. ಇದು ಗಿಡದ್ದೇ ಅಲ್ಲೇನ್ರಿ, ಕೆಮಿಕಲ್ ಅಲ್ಲಲ್ಲ, ಏನಾಗ್ತದ?” ಎನ್ನುತ್ತಾರೆ.

ಆಗುತ್ತದೆ. ಕೀಮೋ ನಡೆದಿರುವಾಗ ಸುರಂಜಾನ್ ಕೊಡಬಾರದು. ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ಬೇರೆ ಯಾವ ಗಿಡಮೂಲಿಕೆ ಔಷಧವನ್ನೂ ಕೊಡಬಾರದು. ಯುನಾನಿ ಓದಿದವನೇ ಹೀಗೆ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ತಮ್ಮ ವಿದ್ಯೆಯ ಮೇಲೆ ಇವರಿಗೇ ನಂಬಿಕೆ ಇಲ್ಲವೇ ಎನ್ನುತ್ತಾರೆ. ನಂಬಿಕೆ ಇರುವುದರಿಂದಲೇ ಈ ಮಾತು. ಗಿಡದ ಔಷಧಕ್ಕೆ ಶಕ್ತಿ ಇಲ್ಲದಿದ್ದರೆ ಅದಕ್ಕೆ ಹೆದರುವ ಅಗತ್ಯವೂ ಇರುತ್ತಿರಲಿಲ್ಲ. ಆ ಶಕ್ತಿ ದೇಹದಲ್ಲಿ ಎಲ್ಲಿ, ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಹಾಗೆ ನೋಡಿದರೆ ನಿಮ್ಮ ಮನೆಯ ರೋಗಿಯ ಕೈಕಾಲು ಏಕೆ ಜುಮ್ಮೆನ್ನುತ್ತದೆ ಎಂಬುದೂ ತಿಳಿಯುತ್ತದೆ.

ಕೀಮೋ ಬಾಟಲಿಯೊಳಗಿನ ಸದಾಬಹಾರ್

ಕೀಮೋ ಎಂದರೆ ಬರೀ ಕೆಮಿಕಲ್, ಗಿಡಮೂಲಿಕೆ ಎಂದರೆ ಅದಕ್ಕೆ ವಿರುದ್ಧವಾದದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಮಕ್ಕಳ ರಕ್ತದ ಕ್ಯಾನ್ಸರಿಗೆ ಜಗತ್ತಿನ ಎಲ್ಲೆಡೆ ಕೊಡುವ ವಿಂಕ್ರಿಸ್ಟಿನ್ ಎಂಬ ಇಂಜೆಕ್ಷನ್ ಬಂದಿರುವುದು ಸದಾಬಹಾರ್ ಗಿಡದಿಂದ. ಕನ್ನಡದಲ್ಲಿ ನಿತ್ಯಪುಷ್ಪ, ಕಾಶಿ ಕಣಗಿಲೆ ಎನ್ನುತ್ತೇವೆ. ಐದು ಎಸಳಿನ ಗುಲಾಬಿ ಅಥವಾ ಬಿಳಿ ಹೂವು. ಸುರಪುರ, ಶಹಾಪುರದ ಕಡೆ ಅಂಗಳದಲ್ಲಿ, ಖಬರಸ್ತಾನದ ಗೋಡೆಯ ಬದಿಯಲ್ಲಿ ಯಾರೂ ನೀರು ಹಾಕದೆಯೂ ವರ್ಷವಿಡೀ ಅರಳಿರುತ್ತದೆ. ಮಡಗಾಸ್ಕರ್ ದ್ವೀಪ ಇದರ ತವರು.

ಸಕ್ಕರೆ ಕಾಯಿಲೆಗೆ ಈ ಎಲೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿರುವಂತೆ ಜಮೈಕಾ ದ್ವೀಪದಲ್ಲೂ ಇತ್ತು. 1950ರ ದಶಕದಲ್ಲಿ ಅಲ್ಲಿನ ಎಲೆಗಳು ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯವನ್ನು ತಲುಪಿದವು. ರಾಬರ್ಟ್ ನೋಬಲ್, ಚಾರ್ಲ್ಸ್ ಬೀರ್ ಎಂಬ ವಿಜ್ಞಾನಿಗಳು ಅವುಗಳ ಮೇಲೆ ಕೆಲಸ ಮಾಡಿದರು. ಎಲೆಯ ಸಾರವನ್ನು ಬಾಯಿಯ ಮೂಲಕ ಕೊಟ್ಟಾಗ ಇಲಿಗಳ ಸಕ್ಕರೆ ಇಳಿಯಲಿಲ್ಲ. ಚುಚ್ಚುಮದ್ದಾಗಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಪರೀಕ್ಷಿಸಿದರೆ ಅವುಗಳ ಬಿಳಿ ರಕ್ತಕಣಗಳು ಕುಸಿದಿದ್ದವು, ಅಸ್ಥಿಮಜ್ಜೆ ಬರಿದಾಗಿತ್ತು. ಸಕ್ಕರೆಗೆ ಹುಡುಕಿದ ಔಷಧ ಬಿಳಿ ರಕ್ತಕಣಗಳನ್ನು ಕೊಲ್ಲುತ್ತಿದೆ. ಹಾಗಾದರೆ ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆಯುವ ರೋಗಕ್ಕೆ ಇದನ್ನೇ ಏಕೆ ಬಳಸಬಾರದು ಎಂಬ ಯೋಚನೆ ಅಲ್ಲಿಂದ ಹುಟ್ಟಿತು. ಮೊದಲು ವಿನ್‌ಬ್ಲಾಸ್ಟಿನ್, ಆಮೇಲೆ ಅದರ ತಮ್ಮನಂತಿರುವ ವಿಂಕ್ರಿಸ್ಟಿನ್ ಬಂತು. ವಿಂಕ್ರಿಸ್ಟಿನ್‌ಗೆ ಅಮೆರಿಕದಲ್ಲಿ 1963ರಲ್ಲಿ ಪರವಾನಗಿ ಸಿಕ್ಕಿತು. ಅದಕ್ಕೂ ಮೊದಲು ರಕ್ತದ ಕ್ಯಾನ್ಸರ್ ಆದ ಮಗು ಬದುಕುಳಿಯುವುದೇ ಅಪರೂಪವಾಗಿತ್ತು. ಇಂದು ಒಳ್ಳೆಯ ಕೇಂದ್ರಗಳಲ್ಲಿ, ಇತರ ಔಷಧಗಳೊಂದಿಗೆ ಇದನ್ನು ಕ್ರಮವಾಗಿ ಪಡೆದ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. ಇದನ್ನು ಕೇಳಿದ ಕೂಡಲೇ “ಹಾಗಾದರೆ ಎಲೆಯನ್ನೇ ಅರೆದು ಕುಡಿಸೋಣ” ಎನ್ನುವವರಿದ್ದಾರೆ. ಒಂದು ಗ್ರಾಂ ವಿಂಕ್ರಿಸ್ಟಿನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಒಂದು ಮಗುವಿಗೆ ಒಮ್ಮೆ ಕೊಡುವುದು ಒಂದೆರಡು ಮಿಲಿಗ್ರಾಂ ಮಾತ್ರ, ಅದೂ ನೇರ ರಕ್ತನಾಳಕ್ಕೆ. ನಿಮ್ಮ ಲೋಟದ ರಸದಲ್ಲಿ ರೋಗಕ್ಕೆ ಬೇಕಾದಷ್ಟು ಔಷಧ ಇರುವುದಿಲ್ಲ. ಆದರೆ ಅದೇ ಎಲೆಯಲ್ಲಿರುವ ಹತ್ತಾರು ಬೇರೆ ಕ್ಷಾರವಸ್ತುಗಳು ಇರುತ್ತವೆ. ಅವು ವಾಂತಿ ಮಾಡಿಸಬಹುದು, ರಕ್ತದೊತ್ತಡ ಅಥವಾ ಸಕ್ಕರೆ ಇಳಿಸಬಹುದು. ಕೀಮೋದಿಂದ ಮೊದಲೇ ಸೋತ ದೇಹಕ್ಕೆ ಅದೊಂದು ಹೊಸ ಹೊರೆ.

ಸುರಂಜಾನಿಗೆ ಗಂಟೆ ಕಟ್ಟಿದರು

ಈಗ ಸುರಂಜಾನ್ ವಿಷಯಕ್ಕೆ ಬರೋಣ. ಯುನಾನಿಯಲ್ಲಿ ನಿಕ್ರಿಸ್ ಎಂದು ಕರೆಯುವ ಗೌಟ್ ರೋಗಕ್ಕೆ, ಕೀಲುನೋವಿಗೆ ಇದು ನಮ್ಮ ಹಳೆಯ, ಗಟ್ಟಿಯಾದ ಔಷಧ. ಇಬ್ನ್ ಸೀನಾರ ಕಾಲದಿಂದಲೂ ಹಕೀಮರು ಬಳಸುತ್ತ ಬಂದಿದ್ದಾರೆ. ಮಾಜೂನ್ ಸುರಂಜಾನ್, ಹಬ್ಬೆ ಸುರಂಜಾನ್ ಡಬ್ಬಿಗಳು ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇರಬಹುದು. ಇದರಲ್ಲಿ ಎರಡು ಬಗೆ: ಶೀರೀನ್ ಅಂದರೆ ಸಿಹಿ, ತಲ್ಖ್ ಅಂದರೆ ಕಹಿ. ಸಿಹಿಯದು ಹೊಟ್ಟೆಗೆ, ಕಹಿಯದು ಹೊರಲೇಪಕ್ಕೆ ಎಂಬುದು ನಮ್ಮ ಗ್ರಂಥಗಳ ನಿಯಮ. ನಿಯಮಕ್ಕೆ ಕಾರಣವಿದೆ. ಈ ಗಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ತೀಕ್ಷ್ಣ ವಸ್ತು ಇದೆ, ಕಹಿ ಬಗೆಯಲ್ಲಿ ಅದು ಹೆಚ್ಚು. ಫ್ರಾನ್ಸಿನ ಪೆಲೆಟಿಯರ್ ಮತ್ತು ಕವೆಂತು ಎಂಬ ರಸಾಯನಜ್ಞರು 1820ರಲ್ಲೇ ಅದನ್ನು ಬೇರ್ಪಡಿಸಿದ್ದರು. ನಮ್ಮ ಕಾಡುಬೇಲಿಗಳಲ್ಲಿ ಹಬ್ಬುವ, ಬೆಂಕಿಯ ನಾಲಿಗೆಯಂಥ ಹೂವಿನ ಅಗ್ನಿಶಿಖೆ ಬಳ್ಳಿಯ ಗಡ್ಡೆಯಲ್ಲೂ ಇರುವುದು ಇದೇ ವಿಷ.

ಕಾಲ್ಚಿಸಿನ್ ಜೀವಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ ಎಂದು ವಿಜ್ಞಾನಿಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಜೀವಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಇದು ಅವುಗಳಲ್ಲಿ ಯಾವುದನ್ನು ಹಿಡಿಯುತ್ತದೆ ಎಂಬುದು ಒಗಟಾಗಿತ್ತು. ಅದನ್ನು ಬಿಡಿಸಿದ್ದು ಗುರುತು ಹಚ್ಚುವ ವಿಧಾನ.

ಕತ್ತಲಲ್ಲಿ ಕುರಿ ಎಲ್ಲಿದೆ ಎಂದು ತಿಳಿಯಲು ಕುರುಬ ಅದರ ಕೊರಳಿಗೆ ಗಂಟೆ ಕಟ್ಟುತ್ತಾನೆ. ಕುರಿ ಕುರಿಯಾಗಿಯೇ ಇರುತ್ತದೆ, ಸದ್ದು ಮಾತ್ರ ಹೊಸದು. ರಸಾಯನಜ್ಞರು ಔಷಧದ ಅಣುವಿಗೆ ಮಾಡುವುದೂ ಇದನ್ನೇ. ಅಣುವಿನೊಳಗಿನ ಸಾಮಾನ್ಯ ಜಲಜನಕದ ಜಾಗದಲ್ಲಿ ಟ್ರಿಟಿಯಂ ಎಂಬ ವಿಕಿರಣ ಸೂಸುವ ಜಲಜನಕವನ್ನು ಇಡುತ್ತಾರೆ. ಔಷಧದ ಗುಣ ಬದಲಾಗುವುದಿಲ್ಲ, ಆದರೆ ಅದು ಹೋದಲ್ಲೆಲ್ಲ ಉಪಕರಣಕ್ಕೆ ಅದರ ಸುಳಿವು ಸಿಗುತ್ತದೆ. ಇದಕ್ಕೆ ಲೇಬಲ್ ಮಾಡುವುದು ಎನ್ನುತ್ತಾರೆ. ಬಾಟಲಿಯ ಮೇಲಿನ ಲೇಬಲ್ ಒಳಗೆ ಏನಿದೆ ಎಂದು ಹೇಳುತ್ತದೆ, ಅಣುವಿನ ಮೇಲಿನ ಲೇಬಲ್ ಅದು ಎಲ್ಲಿಗೆ ಹೋಯಿತು ಎಂದು ಹೇಳುತ್ತದೆ.

ಅಮೆರಿಕದ ಗ್ಯಾರಿ ಬೊರಿಸಿ ಮತ್ತು ಎಡ್ವಿನ್ ಟೇಲರ್ ಹೀಗೆ ಗುರುತು ಹಚ್ಚಿದ ಕಾಲ್ಚಿಸಿನ್‌ನ ಬೆನ್ನು ಹತ್ತಿ, ಅದು ಅಂಟಿಕೊಳ್ಳುವ ಪ್ರೋಟೀನನ್ನು 1967ರಲ್ಲಿ ಪತ್ತೆ ಮಾಡಿದರು. ಮರುವರ್ಷ ಅದಕ್ಕೆ ಟ್ಯೂಬುಲಿನ್ ಎಂಬ ಹೆಸರು ಬಂತು. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಈ ಟ್ಯೂಬುಲಿನ್ ಸೇರಿಕೊಂಡು ಜೀವಕೋಶದೊಳಗೆ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಕೊಳವೆಗಳಾಗುತ್ತವೆ. ಜೀವಕೋಶ ಎರಡಾಗುವ ಹೊತ್ತಿಗೆ ಈ ಕೊಳವೆಗಳು ನೂಲುವ ಕದಿರಿನಂತೆ ಸಾಲುಗಟ್ಟಿ, ವಂಶವಾಹಿ ಎಳೆಗಳನ್ನು ಆ ಕಡೆಗೂ ಈ ಕಡೆಗೂ ಎಳೆಯುತ್ತವೆ. ಕದಿರು ಮುರಿದರೆ ನೂಲುವುದು ನಿಂತಿತು, ಜೀವಕೋಶ ಅಲ್ಲೇ ಸಾಯುತ್ತದೆ. ಸದಾಬಹಾರಿನ ವಿಂಕ್ರಿಸ್ಟಿನ್ ಮುರಿಯುವುದೂ ಇದೇ ಕದಿರನ್ನು. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಕ್ಸಾಲ್ ಯೂ ಮರದ ತೊಗಟೆಯಿಂದ ಬಂದದ್ದು. ಅದು ಇದೇ ಕೊಳವೆಗಳನ್ನು ಬಿಚ್ಚಲಾಗದಂತೆ ಬಿಗಿದುಬಿಡುತ್ತದೆ ಎಂದು ಸೂಸನ್ ಹಾರ್ವಿಟ್ಜ್ ಅವರ ತಂಡ 1979ರಲ್ಲಿ ತೋರಿಸಿತು.

ಆ 1967ರ ಕೆಲಸದಲ್ಲಿ ಇನ್ನೊಂದು ವಿಶೇಷ ಕಂಡಿತ್ತು. ನನಗೆ ಇಡೀ ಕಥೆಯಲ್ಲಿ ಮುಖ್ಯವೆನಿಸುವುದು ಅದೇ. ಗುರುತು ಹಚ್ಚಿದ ಕಾಲ್ಚಿಸಿನ್ ಒಡೆಯುತ್ತಿರುವ ಜೀವಕೋಶಗಳಿಗೆ ಅಂಟಿದ್ದು ಸರಿ, ಅದು ನಿರೀಕ್ಷಿಸಿದ್ದೇ. ಆದರೆ ಮೆದುಳಿನ ಅಂಗಾಂಶಕ್ಕೂ ಅದು ಭರ್ತಿಯಾಗಿ ಅಂಟಿತ್ತು. ಬೆಳೆದ ನರಕೋಶಗಳು ಒಡೆಯುವುದೇ ಇಲ್ಲ, ಮತ್ತೆ ಅಲ್ಲೇಕೆ? ಏಕೆಂದರೆ ನರಗಳ ಒಳಗೂ ಇದೇ ಕೊಳವೆಗಳು ಹಳಿಗಳಂತೆ ಹಾಸಿಕೊಂಡಿವೆ. ಸೊಂಟದ ಹತ್ತಿರವಿರುವ ನರಕೋಶದಿಂದ ಕಾಲ್ಬೆರಳಿನ ತುದಿಗೆ ಸುಮಾರು ಒಂದು ಮೀಟರ್ ದೂರ. ಅಷ್ಟು ದೂರ ಆಹಾರ, ಸಾಮಾನು ಸಾಗಬೇಕಾದದ್ದು ಈ ಹಳಿಗಳ ಮೇಲೆ.

ಕೈಕಾಲು ಜುಮ್ಮೆನ್ನುವುದು ಏಕೆ

ಈಗ ನಿಮ್ಮ ಮನೆಯ ರೋಗಿಯ ಕಡೆ ತಿರುಗಿ. ವಿಂಕ್ರಿಸ್ಟಿನ್ ಅಥವಾ ಟ್ಯಾಕ್ಸಾಲ್ ಕ್ಯಾನ್ಸರ್ ಕೋಶದ ಕದಿರನ್ನು ಹಿಡಿಯುವಾಗ ನರದ ಹಳಿಯನ್ನೂ ಹಿಡಿಯುತ್ತದೆ. ಹಳಿ ಕೆಟ್ಟರೆ ಮೊದಲು ಬರಗಾಲ ಬೀಳುವುದು ಕೊನೆಯ ಊರಿಗೆ. ಆದ್ದರಿಂದಲೇ ಕಾಲ್ಬೆರಳು, ಕೈಬೆರಳಿನ ತುದಿಯಲ್ಲಿ ಮೊದಲು ಜುಮುಜುಮು, ಆಮೇಲೆ ಮರಗಟ್ಟುವುದು. ಇದು ವಾಯು ಅಲ್ಲ, ಶೀತ ಅಲ್ಲ, ಕೀಲಿನ ರೋಗ ಅಲ್ಲ. ಇದಕ್ಕೆ ಮಾಜೂನ್ ಸುರಂಜಾನ್ ಕೊಟ್ಟರೆ ಏನಾಗಬಹುದು ಎಂದು ನೀವೇ ಯೋಚಿಸಿ. ಯಾವ ಹಳಿಯ ಮೇಲೆ ಒಂದು ಔಷಧ ಈಗಾಗಲೇ ಕೂತಿದೆಯೋ ಅದೇ ಹಳಿಯ ಮೇಲೆ ಇನ್ನೊಂದನ್ನು ತಂದು ಕೂಡಿಸಿದಂತೆ. ಸಿಹಿ ಸುರಂಜಾನಿನಲ್ಲಿ ಕಾಲ್ಚಿಸಿನ್ ಕಡಿಮೆ, ನಿಜ. ಆದರೆ ಅಂಗಡಿಯ ಮೂಟೆಯಲ್ಲಿ ಸಿಹಿಯ ಜೊತೆ ಕಹಿ ಬೆರೆತಿಲ್ಲ ಎಂದು ಪರೀಕ್ಷೆ ಮಾಡದೆ ಹೇಳುವವರು ಯಾರು?

ಕಾಲ್ಚಿಸಿನ್ ಮಿತಿಮೀರಿದಾಗಿನ ಚಿತ್ರ ಕೀಮೋ ಮಿತಿಮೀರಿದಂತೆಯೇ ಇರುತ್ತದೆ. ಮೊದಲ ದಿನ ಕಾಲರಾದಂತೆ ವಾಂತಿಭೇದಿ, ನಂತರದ ದಿನಗಳಲ್ಲಿ ರಕ್ತಕಣಗಳ ಕುಸಿತ, ಬದುಕಿ ಉಳಿದರೆ ಎರಡನೇ ವಾರದ ಹೊತ್ತಿಗೆ ಕೂದಲು ಉದುರುವುದು. ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಪ್ರತಿವಿಷ ಇಲ್ಲ. ಕೀಮೋ ಪಡೆದ ರೋಗಿಯಲ್ಲಿ ಹೀಗಾದರೆ ತಜ್ಞರು ಕೀಮೋವನ್ನೇ ಕಾರಣವೆಂದು ತಿಳಿಯುತ್ತಾರೆ. ಪ್ರಮಾಣ ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ. ನೀವು ಮಾಜೂನಿನ ಮಾತು ಮುಚ್ಚಿಟ್ಟದ್ದಕ್ಕೆ ರೋಗಿ ತನಗೆ ಬೇಕಾದ ಚಿಕಿತ್ಸೆಯನ್ನೇ ಕಳೆದುಕೊಳ್ಳಬಹುದು.

ಹಾಗಾದರೆ ಜುಮುಜುಮಿಗೆ ಏನು ಮಾಡಬೇಕು? ಮುಂದಿನ ಕೀಮೋ ದಿನದವರೆಗೆ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಎಷ್ಟು ಜುಮ್ಮೆನ್ನುತ್ತದೆ ಎನ್ನುವುದಕ್ಕಿಂತ ಯಾವ ಕೆಲಸ ಆಗುತ್ತಿಲ್ಲ ಎಂದು ಹೇಳಿ. ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುತ್ತಿಲ್ಲ, ನಡೆಯುವಾಗ ಪಾದದ ಮುಂಭಾಗ ನೆಲಕ್ಕೆ ತಗುಲುತ್ತದೆ, ಮಗು ಓಡುವುದನ್ನು ಬಿಟ್ಟಿದೆ, ದವಡೆ ನೋಯುತ್ತದೆಂದು ಅಗಿಯುವುದಿಲ್ಲ: ಇಂಥ ಮಾತಿನಿಂದ ತಜ್ಞರಿಗೆ ಪ್ರಮಾಣ ಬದಲಿಸಬೇಕೋ ಬೇಡವೋ ಎಂದು ತಿಳಿಯುತ್ತದೆ. ಹೆಚ್ಚಿನವರಲ್ಲಿ ಔಷಧ ಮುಗಿದ ಮೇಲೆ ತಿಂಗಳುಗಳಲ್ಲಿ ನಿಧಾನವಾಗಿ ಕಡಿಮೆಯಾಗುತ್ತದೆ.

ಅಲ್ಲಿಯವರೆಗೆ ಪಾದಗಳನ್ನು ಕಾಪಾಡಬೇಕು. ನಮ್ಮ ಸೀಮೆಯ ಬೇಸಿಗೆಯಲ್ಲಿ ಅಂಗಳದ ಶಹಾಬಾದ್ ಕಲ್ಲು ಕಾದ ಹೆಂಚಿನಂತಿರುತ್ತದೆ. ಸ್ಪರ್ಶ ಇಲ್ಲದ ಪಾದಕ್ಕೆ ಅದು ಸುಟ್ಟದ್ದು ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ಕಾಣುವುದು. ಮಸೀದಿಯ ಅಂಗಳದಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ನಡೆಯಬೇಕಾದರೆ ಕಾಲುಚೀಲ ಇರಲಿ. ಚಳಿಗಾಲದಲ್ಲಿ ವುಝೂವಿಗೆ ಬಿಸಿನೀರು ಕೊಡುವಾಗ ರೋಗಿಯ ಕೈಯಿಂದ ಬಿಸಿ ನೋಡಿಸಬೇಡಿ, ಮನೆಯವರು ನೋಡಿ ಕೊಡಿ. ರಾತ್ರಿ ಮಲಗುವ ಮುನ್ನ ದೀಪದ ಬೆಳಕಲ್ಲಿ ಅಂಗಾಲು ಪರೀಕ್ಷಿಸಿ.

ಮಲಬದ್ಧತೆಯೂ ಇದೇ ಕಾರಣಕ್ಕೆ ಬರುತ್ತದೆ, ಕರುಳಿಗೂ ನರಗಳಿವೆ. ಇಲ್ಲಿ ಇಸಬ್‌ಗೋಲ್ ತಂದು ಸುರಿಯುವುದು ನಮ್ಮವರ ರೂಢಿ. ಕರುಳು ಅಲುಗಾಡದೆ ಇರುವಾಗ, ನೀರೂ ಸಾಲದೆ ಹೋದಾಗ ಇಸಬ್‌ಗೋಲ್ ಒಳಗೇ ಮುದ್ದೆಯಾಗಿ ಕಟ್ಟಿಕೊಳ್ಳಬಹುದು. ತಜ್ಞರು ಸಾಮಾನ್ಯವಾಗಿ ಬರೆಯುವ ಮಾತ್ರೆಗಳಲ್ಲಿ ಒಂದು ಸೆನ್ನಾ. ಅದು ನಮ್ಮ ಸನಾ ಮಕ್ಕಿಯೇ, ಅಳೆದು ಮಾತ್ರೆ ಮಾಡಿದ್ದು. ಅದನ್ನೇ ಅವರು ಹೇಳಿದಷ್ಟು ಕೊಡಿ. ಮನೆಯಲ್ಲಿ ಸನಾ ಕಾಯಿಸಿ ಅದರ ಮೇಲೆ ಇನ್ನಷ್ಟು ಸೇರಿಸಬೇಡಿ. ರಕ್ತಕಣ ಕಡಿಮೆ ಇರುವಾಗ ಎನಿಮಾ, ಗುದದ ಗುಳಿಗೆ ಕೂಡದು, ಅಲ್ಲಿ ಗೀರಾದರೆ ಸೋಂಕು ರಕ್ತಕ್ಕೆ ಇಳಿಯುತ್ತದೆ. ರಮಝಾನಿನಲ್ಲಿ ಉಪವಾಸ ಹಿಡಿಯುವ ಹಟ ಮಾಡುವ ಹಿರಿಯರಿಗೆ ಶರೀಅತ್ ರೋಗಿಗೆ ಕೊಟ್ಟಿರುವ ರಿಯಾಯಿತಿಯನ್ನು ನೆನಪಿಸಿ. ನೀರಿಲ್ಲದ ದಿನ ಈ ಮಲಬದ್ಧತೆಯನ್ನು ದುಪ್ಪಟ್ಟು ಮಾಡುತ್ತದೆ.

ಒಂದು ಚಿಟಿಕೆಯ ಪ್ರಭಾವ

“ಸುರಂಜಾನ್ ಬೇಡ, ಒಪ್ಪಿದೆವು. ಮೆಣಸು, ಅರಿಶಿನದ ಕ್ಯಾಪ್ಸೂಲಾದರೂ?” ಎಂದು ಕೇಳುವವರಿಗೆ ಬೆಂಗಳೂರಿನ ಒಂದು ಪ್ರಯೋಗ ಹೇಳುತ್ತೇನೆ. ಅರಿಶಿನದ ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಸತ್ವವಾದ ಪೈಪರಿನ್ ಅನ್ನು ಕೇವಲ 20 ಮಿಲಿಗ್ರಾಂ ಕೊಟ್ಟರು. ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಸುಮಾರು ಇಪ್ಪತ್ತು ಪಟ್ಟು ಏರಿತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಅರಿಶಿನ ಕ್ಯಾಪ್ಸೂಲಿನ ಕಂಪನಿಗಳು ಹೆಮ್ಮೆಯಿಂದ ಹೇಳುತ್ತವೆ. ನಾನು ಅದನ್ನು ಎಚ್ಚರಿಕೆಯಾಗಿ ಓದುತ್ತೇನೆ. ಯಕೃತ್ತು, ಕರುಳು ಔಷಧವನ್ನು ಒಡೆದು ಹೊರಹಾಕುವ ಬಾಗಿಲನ್ನು ಪೈಪರಿನ್ ಅರ್ಧ ಮುಚ್ಚುತ್ತದೆ. ವಿಂಕ್ರಿಸ್ಟಿನ್ ಸೇರಿ ಹಲವು ಕೀಮೋ ಔಷಧಗಳು ಹೊರಹೋಗುವುದೂ ಇಂಥ ಬಾಗಿಲುಗಳಿಂದಲೇ. ಶಿಲೀಂಧ್ರದ ಸೋಂಕಿಗೆ ಕೊಡುವ ಇಟ್ರಾಕೊನಜೋಲ್ ಆ ಬಾಗಿಲು ಮುಚ್ಚಿದಾಗ ವಿಂಕ್ರಿಸ್ಟಿನ್ ಪಡೆದ ಮಕ್ಕಳ ನರಗಳಿಗೆ ತೀವ್ರ ಪೆಟ್ಟು ಬಿದ್ದದ್ದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಸಾರಿನಲ್ಲಿ ಹಾಕುವ ಮೆಣಸಿಗೆ ಹೆದರಬೇಕಿಲ್ಲ. ಸತ್ವದ ಕ್ಯಾಪ್ಸೂಲು, ದಿನಕ್ಕೆ ಮೂರು ಹೊತ್ತಿನ ಗಟ್ಟಿ ಜೋಶಾಂದಾ ಬೇರೆಯ ಮಾತು.

ಬಾಗಿಲು ಹೆಚ್ಚು ತೆರೆದರೂ ತೊಂದರೆಯೇ. ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ದುರ್ವಾಸನೆ ಮರ ಎಂಬ ಸಣ್ಣ ಮರವಿದೆ. ಹೂವಿನ ಕೆಟ್ಟ ವಾಸನೆಯಿಂದ ಆ ಹೆಸರು. ಅದರಲ್ಲಿ ಕ್ಯಾಂಪ್ಟೊಥೆಸಿನ್ ಇದೆ ಎಂದು 1972ರಲ್ಲಿ ಭಾರತದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ವರದಿ ಮಾಡಿದರು. ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟೆಕಾನ್ ತಯಾರಾಗುವುದು ಈ ವಸ್ತುವಿನಿಂದ. ಬೇಡಿಕೆಗೆ ಆ ಮರಗಳನ್ನು ಕಡಿದೊಯ್ದದ್ದು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಉಮಾಶಂಕರ್ ಅವರ ತಂಡ ಘಟ್ಟದುದ್ದಕ್ಕೂ ಯಾವ ಮರದಲ್ಲಿ ಸತ್ವ ಹೆಚ್ಚು ಎಂದು ಹುಡುಕಿದ್ದು ಇನ್ನೊಂದು ದೊಡ್ಡ ಕಥೆ. ಇಲ್ಲಿ ನಮಗೆ ಬೇಕಾದದ್ದು 2002ರ ಒಂದು ಡಚ್ ಅಧ್ಯಯನ. ಐವರು ರೋಗಿಗಳಿಗೆ ಇರಿನೊಟೆಕಾನ್ ಜೊತೆ, ಯುರೋಪಿನವರು ಮನಸ್ಸಿನ ಬೇಸರಕ್ಕೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಕೊಟ್ಟು ನೋಡಿದರು. ರಕ್ತದಲ್ಲಿ ಕ್ಯಾನ್ಸರ್ ಕೊಲ್ಲುವ ಅಂಶ 42 ಶೇಕಡಾ ಕುಸಿಯಿತು. ರೋಗಿಗೆ ಯಾವ ತೊಂದರೆಯೂ ಕಾಣುವುದಿಲ್ಲ, ಹಿತವೇ ಅನಿಸಬಹುದು. ಆದರೆ ಸೂಜಿ ಚುಚ್ಚಿಸಿಕೊಂಡದ್ದರ ಅರ್ಧದಷ್ಟು ಪ್ರಯೋಜನ ನೀರಿನಲ್ಲಿ ಹೋಗಿರುತ್ತದೆ. “ಮೂಲಿಕೆ ತಗೊಂಡ ಮ್ಯಾಲ ಕೀಮೋದ ಕಾಟ ಕಡಿಮಿ ಆಯ್ತು” ಎಂದು ಯಾರಾದರೂ ಹೇಳಿದರೆ ನನಗೆ ಖುಷಿಗಿಂತ ಅನುಮಾನವೇ ಮೊದಲು ಬರುತ್ತದೆ.

ಕಲೋಂಜಿಯ ಬಗ್ಗೆ ಕೇಳದವರಿಲ್ಲ. ಪ್ರವಾದಿ(ಸ) ಅದರ ಶ್ರೇಷ್ಠತೆಯನ್ನು ಹೇಳಿದ್ದಾರೆ, ನಮ್ಮ ಮನೆಗಳಲ್ಲಿ ಅದಕ್ಕೊಂದು ಗೌರವದ ಸ್ಥಾನವಿದೆ. ಅದರ ಥೈಮೊಕ್ವಿನೋನ್ ಎಂಬ ಸತ್ವ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬ ಪ್ರಯೋಗಗಳು ಅನೇಕ. ಆದರೆ ಗಾಜಿನ ತಟ್ಟೆಯಲ್ಲಿ ಉಪ್ಪುನೀರು ಸುರಿದರೂ ಆ ಕೋಶಗಳು ಸಾಯುತ್ತವೆ. ಮನುಷ್ಯನ ರಕ್ತದಲ್ಲಿ ಅಷ್ಟು ಪ್ರಮಾಣ ತಲುಪುತ್ತದೆಯೇ, ಯಾವ ಕೀಮೋ ಜೊತೆ ಹೇಗೆ ವರ್ತಿಸುತ್ತದೆ ಎಂಬುದು ಬೇರೆ ಪ್ರಶ್ನೆ. ರೊಟ್ಟಿಯ ಮೇಲಿನ ಕಲೋಂಜಿಗೆ ಯಾರ ತಕರಾರೂ ಇಲ್ಲ. ಚಮಚಗಟ್ಟಲೆ ಎಣ್ಣೆ ಕುಡಿಸುವ ಮುನ್ನ ತಜ್ಞರನ್ನು ಕೇಳುವುದರಿಂದ ಈಮಾನಿಗೆ ಕುಂದು ಬರುವುದಿಲ್ಲ. ಚಿಕಿತ್ಸೆ ಪಡೆಯಿರಿ ಎಂದು ಹೇಳಿದವರೂ ಅವರೇ.

ಎಲ್ಲ ಮೂಲಿಕೆಗೂ ಬಾಗಿಲು ಮುಚ್ಚಿಲ್ಲ. ಅಮೆರಿಕದಲ್ಲಿ 576 ಕೀಮೋ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾಂತಿ ತಡೆಯುವ ಮಾತ್ರೆಯ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ತೆಗೆದುಕೊಂಡವರಿಗೆ ಮೊದಲ ದಿನದ ಓಕರಿಕೆ ಕಡಿಮೆ ಇತ್ತು. ಮಾತ್ರೆಯ ಬದಲಿಗಲ್ಲ, ಜೊತೆಗೆ. ಹೀಗೆ ಅಳೆದು, ಕೀಮೋ ಜೊತೆಯಲ್ಲೇ ಪರೀಕ್ಷಿಸಿ ಹೇಳಿದ ಮಾತನ್ನು ನಂಬಬಹುದು.

ಡಬ್ಬಿಯ ಮೇಲೆ ಏನು ಬರೆದಿದೆ?

ವಿಂಕ್ರಿಸ್ಟಿನ್ ರಕ್ತನಾಳಕ್ಕೆ ಹೋದರೆ ಔಷಧ, ತಪ್ಪಿ ಬೆನ್ನುಹುರಿಯ ನೀರಿಗೆ ಹೋದರೆ ಸಾವು. ಹಲವು ದೇಶಗಳಲ್ಲಿ ಇಂಥ ಸಾವುಗಳಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಕೆ ಹೊರಡಿಸಿತು. ಸಿರಿಂಜಿನಲ್ಲಿ ಕೊಡದೆ ಸಣ್ಣ ಚೀಲದಲ್ಲಿ ತೆಳು ಮಾಡಿ ಕೊಡಿ, ರಕ್ತನಾಳಕ್ಕೆ ಮಾತ್ರ, ಬೇರೆ ದಾರಿಯಲ್ಲಿ ಕೊಟ್ಟರೆ ಪ್ರಾಣಾಂತಿಕ ಎಂದು ಲೇಬಲ್ ಹಚ್ಚಿ ಎಂದಿತು. ಅಂಥ ತಜ್ಞರೇ ಲೇಬಲ್ ನಂಬಿ ಬದುಕುವಾಗ, ನಾವು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿಯನ್ನು ರೋಗಿಗೆ ಕುಡಿಸುತ್ತೇವೆ.

ಕಾನೂನಿನ ಪ್ರಕಾರ ಯುನಾನಿ ಔಷಧದ ಡಬ್ಬಿಯ ಮೇಲೆ ಯುನಾನಿ ಔಷಧ ಎಂಬ ಮಾತು, ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ ಪ್ರಮಾಣ ಸಹಿತ ಇರಬೇಕು. ಕುಚ್ಲಾ, ಪಾದರಸದ ಶಂಗರಫ್, ಪಾಷಾಣವಾದ ಸಮ್ಮುಲ್‌ಫಾರ್‌ನಂಥ ವಿಷವಸ್ತು ಇದ್ದರೆ ವೈದ್ಯರ ನಿಗಾದಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಕಡ್ಡಾಯ. ಪಟ್ಟಿಯಲ್ಲಿ ಸಸ್ಯಶಾಸ್ತ್ರದ ಹೆಸರನ್ನು ಬಿಡದೆ ನೋಡಿ, ಏಕೆಂದರೆ ಒಂದೇ ಊರಹೆಸರಿನಲ್ಲಿ ಎರಡು ಮೂರು ಗಿಡಗಳು ಮಾರಾಟವಾಗುತ್ತವೆ. “ಕೆಮಿಕಲ್ ರಹಿತ” ಎಂಬ ದೊಡ್ಡ ಅಕ್ಷರಕ್ಕೆ ಮಾತ್ರ ಬೆಲೆ ಕೊಡಬೇಡಿ. ಕಾಲ್ಚಿಸಿನ್ ಕೆಮಿಕಲ್ಲೇ, ಜೇನಿನ ಸಕ್ಕರೆಯೂ ಕೆಮಿಕಲ್ಲೇ, ಝಮ್‌ಝಮ್ ನೀರೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಹಾಗೆಯೇ.

ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಮಾಂತ್ರಿಕ ಔಷಧಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪ್ರಕಾರ ಅಪರಾಧ. ಅಂಥ ಜಾಹೀರಾತು ಮೊಬೈಲಿನಲ್ಲಿ ಬಂದರೂ, ಹೆಸರಿನ ಮುಂದೆ ಹಕೀಮ್ ಎಂದಿದ್ದರೂ ಅಪರಾಧವೇ. ವೈದ್ಯ ಗೊತ್ತಿಲ್ಲದೆ ವೈದ್ಯ ಮಾಡಿದವನು ಆದ ಹಾನಿಗೆ ಹೊಣೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ನಮ್ಮ ವೃತ್ತಿಯವರು ಮರೆಯಬಾರದು.

ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿ ರೋಗಿ ತೆಗೆದುಕೊಳ್ಳುವ ಎಲ್ಲದರ ಡಬ್ಬಿ, ಪೊಟ್ಟಣ, ಎಣ್ಣೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಆಗದಿದ್ದರೆ ಲೇಬಲಿನ ನಾಲ್ಕೂ ಬದಿಯ ಫೋಟೊ ತೆಗೆದುಕೊಳ್ಳಿ. ಕಲಬುರಗಿಯ ಕಿದ್ವಾಯಿ ಕೇಂದ್ರವಿರಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿರಲಿ ಬೇರೆ ಯಾವುದೇ ಆಸ್ಪತ್ರೆಯಿರಲಿ, “ಇದನ್ನು ಹದಿನೈದು ದಿನದಿಂದ ಕೊಡುತ್ತಿದ್ದೇವೆ” ಎಂದು ನೇರವಾಗಿ ಹೇಳಿ. ಬೈದರೆ ಬೈಸಿಕೊಳ್ಳಿ. ನಮ್ಮಂಥ ಯುನಾನಿ ವೈದ್ಯರ ಬಳಿ ಬರುವಾಗಲೂ ಕೀಮೋ ಚೀಟಿ ತನ್ನಿ, ಔಷಧದ ಹೆಸರು ನೋಡದೆ ನಾವೂ ಏನನ್ನೂ ಕೊಡಬಾರದು.

ಜ್ವರದ ವಿಷಯದಲ್ಲಿ ಕಾಯುವಂತಿಲ್ಲ. ಕೀಮೋ ಆದ ಒಂದರಿಂದ ಎರಡು ವಾರದ ನಡುವೆ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತಳ ಮುಟ್ಟುತ್ತವೆ. ಆಗ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ 100.4 ಜ್ವರ ಬಂದರೆ ಜೋಶಾಂದಾ ಇಲ್ಲ, ಮಾತ್ರೆ ನುಂಗಿಸಿ ಬೆಳಗಿನವರೆಗೆ ನೋಡೋಣ ಎಂಬುದೂ ಇಲ್ಲ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಪ್ಲೇಟ್‌ಲೆಟ್ ಕಡಿಮೆ ಇರುವ ದಿನಗಳಲ್ಲಿ ವಸಡಿನಿಂದ ರಕ್ತ ಬರುತ್ತಿದ್ದರೆ ಗಟ್ಟಿ ಮಿಸ್ವಾಕ್ ಬಿಟ್ಟು ಮೆದು ಬ್ರಷ್ ಅಥವಾ ಒದ್ದೆ ಹತ್ತಿಬಟ್ಟೆ ಬಳಸಿ, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸಲಿ.

ಕೀಮೋ ಕೊಟ್ಟ ಮೇಲೆ ಮೊದಲ 48 ಗಂಟೆ ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧದ ಅಂಶ ಹೊರಬರುತ್ತಿರುತ್ತದೆ. ಅದನ್ನು ಸ್ವಚ್ಛ ಮಾಡುವವರು ಕೈಗವಸು ಹಾಕಿಕೊಳ್ಳಲಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಲಿ. ಗರ್ಭಿಣಿ ಸೊಸೆಗೋ ಮಗಳಿಗೋ ಆ ಕೆಲಸ ಒಪ್ಪಿಸಬೇಡಿ. ಕಕ್ಕಸಿಗೆ ಎರಡು ಸಲ ನೀರು ಹಾಕಿ. ಆ ಎರಡು ದಿನದ ಹಾಸಿಗೆ ಬಟ್ಟೆ, ಒಳಉಡುಪು, ತಸ್ತು, ಲೋಟಾ ಬೇರೆ ಇರಲಿ. ಬಟ್ಟೆಗಳನ್ನು ಮನೆಯವರ ಬಟ್ಟೆಯ ಜೊತೆ ನೆನೆಸದೆ ಬೇರೆಯಾಗಿ ಎರಡು ಸಲ ಒಗೆದು ಬಿಸಿಲಿಗೆ ಹಾಕಿ. ರೋಗಿಯ ಪಕ್ಕದಲ್ಲಿ ಕೂರುವುದರಿಂದ, ಒಟ್ಟಿಗೆ ಕೂತು ಊಟ ಮಾಡುವುದರಿಂದ, ಮೊಮ್ಮಕ್ಕಳನ್ನು ಅಪ್ಪಿಕೊಳ್ಳುವುದರಿಂದ ಯಾರಿಗೂ ಏನೂ ಆಗುವುದಿಲ್ಲ.